ಮನೆ ಕೊಳ್ಳುವ ಮುನ್ನ ನೋಡತಕ್ಕ ಕಾಗದಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಊರಿನಿಂದಲೇ ಹೊತ್ತು ತಂದಿದ್ದೇವೆ. ಆದರೆ ಮುಂಬಯಿಯಲ್ಲಿ ಮನೆ ಕಟ್ಟುವವರು ಬೇರೆ, ಅದರಲ್ಲಿ ಬಾಳುವವರು ಬೇರೆ. ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ಇಪ್ಪತ್ತು ವರ್ಷ ದುಡಿದು, ಭವಿಷ್ಯನಿಧಿಯ ಹಣ ತೆಗೆದು, ಊರಿನ ಪಾಲಿನ ಭೂಮಿಯನ್ನೂ ಮಾರಿ, ಡೊಂಬಿವಲಿಯಲ್ಲಿಯೋ ನಾಲಾಸೋಪಾರದಲ್ಲಿಯೋ ಎರಡು ಕೋಣೆಗಳ ಮನೆಯನ್ನು ಕೊಳ್ಳುವ ನಮ್ಮವರು ಸ್ಟೇಷನ್ನಿನ ದೂರವನ್ನು ವಿಚಾರಿಸುತ್ತಾರೆ, ನೀರು ಬರುವ ಹೊತ್ತನ್ನು ವಿಚಾರಿಸುತ್ತಾರೆ. ಆ ಕಟ್ಟಡಕ್ಕೆ ನಗರಪಾಲಿಕೆಯ ಅಪ್ಪಣೆಯುಂಟೇ ಎಂದು ವಿಚಾರಿಸುವವರು ವಿರಳ.

ಈ ಉದಾಸೀನದ ಬೆಲೆ ಸಣ್ಣದಲ್ಲ. 2013ರ ಏಪ್ರಿಲ್ 4ರಂದು ಠಾಣೆಯ ಶೀಳ್ ಫಾಟಾದಲ್ಲಿ ಅಪ್ಪಣೆಯಿಲ್ಲದೆ ಎದ್ದಿದ್ದ ಕಟ್ಟಡವೊಂದು ಕುಸಿದು 74 ಜನರು ಮಡಿದರು. ಕಲ್ಯಾಣ-ಡೊಂಬಿವಲಿಯಲ್ಲಿ ಸುಳ್ಳು ಪರವಾನಗಿಗಳ ಬಲದಿಂದ ಎದ್ದ 65 ಕಟ್ಟಡಗಳನ್ನು ಕೆಡವಬೇಕೆಂದು ಬೊಂಬಾಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆಜ್ಞಾಪಿಸಿತು. 2025ರ ಆರಂಭದಲ್ಲಿ ನಾಲಾಸೋಪಾರದಲ್ಲಿ 41 ಅನಧಿಕೃತ ಕಟ್ಟಡಗಳು ನೆಲಸಮವಾದವು. ಕಟ್ಟಿದವನು ಹಣ ಪಡೆದು ಹೋಗಿರುತ್ತಾನೆ. ಪಾತ್ರೆಪಗಡೆಗಳೊಡನೆ ಬೀದಿಯಲ್ಲಿ ನಿಲ್ಲುವವನು ಕೊಂಡವನು.

ಹಾಗಾದರೆ ಅಪ್ಪಣೆಯ ಕ್ರಮವೇನು? ಮುಂಬಯಿಯಲ್ಲಿ ಅದು ಮೂರು ಮೆಟ್ಟಿಲುಗಳದು. ಮೊದಲು, ಅರ್ಹತೆಯುಳ್ಳ ವಾಸ್ತುಶಿಲ್ಪಿಯ ಸಹಿಯಿರುವ ನಕ್ಷೆಗಳು ಪಾಲಿಕೆಗೆ ಹೋಗುತ್ತವೆ. ಅವನ್ನು ಪರಿಶೀಲಿಸಿ ಪಾಲಿಕೆಯು 1888ರ ಮುನಿಸಿಪಲ್ ಕಾನೂನಿನ 346ನೆಯ ಕಲಮಿನಂತೆ ಕೊಡುವ ಪತ್ರಕ್ಕೆ ಐ.ಒ.ಡಿ. ಎಂದು ಹೆಸರು. ವಿಚಿತ್ರವೆಂದರೆ ಆ ಹೆಸರಿನ ಅರ್ಥವೇ ‘ಅಸಮ್ಮತಿಯ ಸೂಚನೆ’. ‘ಇಂತಿಂಥ ಷರತ್ತುಗಳು ಪೂರೈಸುವ ತನಕ ನಮ್ಮ ಸಮ್ಮತಿಯಿಲ್ಲ’ ಎಂಬುದೇ ಅದರ ತಾತ್ಪರ್ಯ. ಆದುದರಿಂದ ಈ ಒಂದು ಕಾಗದವನ್ನು ತೋರಿಸಿ ‘ಮಂಜೂರಾಗಿದೆ’ ಎನ್ನುವವನ ಮಾತನ್ನು ಪೂರ್ತಿಯಾಗಿ ನಂಬತಕ್ಕದ್ದಲ್ಲ.

ಎರಡನೆಯದು ಕೆಲಸ ಆರಂಭಿಸುವ ಅಪ್ಪಣೆ, ಅಂದರೆ ಸಿ.ಸಿ. ಇದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾನೂನಿನ ಪ್ರಕಾರ ದೊರೆಯತಕ್ಕದ್ದು. ಸಾಮಾನ್ಯವಾಗಿ ಮೊದಲು ಅಡಿಪಾಯದ ಮಟ್ಟದವರೆಗೆ ಮಾತ್ರ ಅಪ್ಪಣೆ ಸಿಗುತ್ತದೆ. ಅದನ್ನು ಅಳೆದು ನೋಡಿದ ಮೇಲೆ ಮುಂದಿನ ಮಹಡಿಗಳಿಗೆ. ಆದುದರಿಂದ ತಾನು ಕೊಳ್ಳುವ ಮಹಡಿಗೆ ಸಿ.ಸಿ. ಇದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಐದು ಮಹಡಿಗಳಿಗೆ ಅಪ್ಪಣೆ ಪಡೆದು ಏಳು ಮಹಡಿ ಕಟ್ಟಿದರೆ, ಮೇಲಿನೆರಡು ಮಹಡಿಗಳಿಗೆ ಕಾನೂನಿನ ರಕ್ಷಣೆಯಿಲ್ಲ.

ಮೂರನೆಯದು ವಾಸದ ಅಪ್ಪಣೆಯಾದ ಒ.ಸಿ. ಕಟ್ಟಡವು ಮಂಜೂರಾದ ನಕ್ಷೆಯಂತೆಯೇ ಮುಗಿದಿದೆ, ಜನರು ವಾಸಿಸಬಹುದು ಎಂಬುದಕ್ಕೆ ಇದೇ ಪ್ರಮಾಣ. ಠಾಣೆ, ಕಲ್ಯಾಣ, ವಸಯಿಗಳಲ್ಲಿ ಕಾಗದಗಳ ಹೆಸರು ತುಸು ಬೇರೆಯಾಗಬಹುದು. ಕ್ರಮದ ತಿರುಳು ಮಾತ್ರ ಹೆಚ್ಚುಕಡಿಮೆ ಇದೇ.

2016ರ ರೇರಾ ಕಾನೂನು ಕೊಳ್ಳುವವನಿಗೆ ಮತ್ತೊಂದು ಆಸರೆ. ಕರಾರು ಪತ್ರವನ್ನು ನೋಂದಾಯಿಸುವ ಮೊದಲು ಬೆಲೆಯ ನೂರಕ್ಕೆ 10 ಪಾಲನ್ನು ಮೀರಿ ಮುಂಗಡ ಪಡೆಯುವ ಅಧಿಕಾರ ಕಟ್ಟುವವನಿಗಿಲ್ಲ. ಆದರೂ ರೇರಾದ ನೋಂದಣಿ ಸಂಖ್ಯೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಡೊಂಬಿವಲಿಯ ಆ ಕಟ್ಟಡಗಳಿಗೂ ಸುಳ್ಳು ಕಾಗದಗಳ ಮೇಲೆ ನೋಂದಣಿ ದೊರೆತಿತ್ತು! ಆದುದರಿಂದ ಪರವಾನಗಿಯ ಸಂಖ್ಯೆಯನ್ನೂ ತಾರೀಖನ್ನೂ ಬರೆದುಕೊಂಡು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿಯೇ ತಾಳೆ ನೋಡಬೇಕು. ಅಲ್ಲಿ ಬಾಯಿಮಾತಿನ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಅವಧಿ. ಜೀವಮಾನದ ಗಳಿಕೆಯನ್ನು ಹೂಡುವವನಿಗೆ ಒಂದು ತಿಂಗಳು ಕಾಯುವುದು ದೊಡ್ಡ ಮಾತಲ್ಲ.

2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಕೆಲವು ನಿರ್ದೇಶಗಳನ್ನಿತ್ತಿದೆ. ಕೆಲಸ ನಡೆಯುವ ಜಾಗದಲ್ಲಿ ಮಂಜೂರಾದ ನಕ್ಷೆಯನ್ನು ತೂಗುಹಾಕಬೇಕು, ಬ್ಯಾಂಕುಗಳು ಒ.ಸಿ.ಯನ್ನು ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು. ‘ಬ್ಯಾಂಕಿನ ಸಾಲ ಬೇಡ, ನಗದು ತನ್ನಿ, ಬೆಲೆ ಇಳಿಸುತ್ತೇನೆ’ ಎಂದು ಯಾರಾದರೂ ನುಡಿದರೆ ಆ ಔದಾರ್ಯದ ಹಿಂದೆ ಏನಿದೆಯೆಂದು ಶಂಕಿಸುವುದೇ ವಿವೇಕ.

ಕೊಂಡ ಮನೆಯಲ್ಲಿಯೂ ಮನಬಂದಂತೆ ಒಡೆದು ಕಟ್ಟುವ ಹಾಗಿಲ್ಲ. ಸುಣ್ಣಬಣ್ಣ, ಗಾರೆ, ನೆಲದ ಹಾಸುಬಿಲ್ಲೆ, ನಲ್ಲಿಯ ದುರಸ್ತಿಗಳಿಗೆ ಪಾಲಿಕೆಯ ಅಪ್ಪಣೆ ಬೇಕಿಲ್ಲ. ಕಂಬ, ತೊಲೆಗಳನ್ನು ಮುಟ್ಟುವುದಕ್ಕೆ ಬೇಕೇ ಬೇಕು. 2017ರ ಜುಲೈ 25ರಂದು ಘಾಟ್ಕೋಪರದಲ್ಲಿ ಕಟ್ಟಡವೊಂದು ಕುಸಿದು 17 ಜನರು ಸತ್ತಾಗ, ನೆಲಮಹಡಿಯಲ್ಲಿ ನಡೆಯುತ್ತಿದ್ದ ಮಾರ್ಪಾಡಿನ ಮೇಲೆಯೇ ಆರೋಪ ಬಂತು. ಹೋಟೆಲು ನಡೆಸುವವರಿಗೂ ಇದೇ ಮಾತು. ತಿಂಡಿತೀರ್ಥದ ಪರವಾನಗಿ ಇದ್ದ ಮಾತ್ರಕ್ಕೆ ಅಡಿಗೆಮನೆಯನ್ನು ಹಿಗ್ಗಿಸುವ ಅಥವಾ ಹುಡುಗರು ಮಲಗಲು ಅಟ್ಟ ಕಟ್ಟಿಸುವ ಅಧಿಕಾರ ಬರುವುದಿಲ್ಲ. ಆ ಅಟ್ಟದ ಮೇಲೆ ರಾತ್ರಿ ಮಲಗುವವರು ನಮ್ಮೂರಿನ ಮಕ್ಕಳೇ ಎಂಬುದನ್ನು ಮಾಲಿಕರು ನೆನೆಯಬೇಕು.

ಐ.ಒ.ಡಿ., ಸಿ.ಸಿ., ಒ.ಸಿ. ಈ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂಗಡ ಕೊಡುವ ದಿನ ಅದನ್ನು ಮುಂದಿಟ್ಟು ಒಂದೊಂದರ ಪ್ರತಿಯನ್ನೂ ಕೇಳಿ ಪಡೆಯಿರಿ. ಕಟ್ಟಡ ಮುಗಿಯದಿದ್ದರೆ ಒ.ಸಿ. ಕೈಗೆ ಬರುವ ತನಕ ಬೀಗದ ಕೈ ಸ್ವೀಕರಿಸಬೇಡಿ. ಕೇಳುವುದಕ್ಕೆ ಸಂಕೋಚವೇಕೆ? ಹಣ ನಿಮ್ಮದು.