ತೆರೆಯ ಮೇಲಣ ಕಿಟಕಿಗಳು

ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳಂಥ ಊರುಗಳ ಶಾಲಾ ಕಾಲೇಜುಗಳಲ್ಲಿ ಗಣಕಯಂತ್ರವು ನಿಧಾನವಾದೊಡನೆ ಅದನ್ನು ಮೂಲೆಗೆ ಸರಿಸಿಬಿಡುವುದುಂಟು. ಯಂತ್ರಕ್ಕೆ ಮುಪ್ಪಡರಿತೆಂದು ತೀರ್ಮಾನಿಸುವ ಮೊದಲು, ಅದರ ತೆರೆಯ ಮೇಲೆ ಕಾಣುವ ಕಿಟಕಿಗಳನ್ನು ಜೋಡಿಸುವವರು ಯಾರು, ಆ ಜೋಡಣೆಗೆ ತಗಲುವ ವೆಚ್ಚವೆಷ್ಟು ಎಂಬುದನ್ನು ವಿಚಾರಿಸುವುದು ಯುಕ್ತ.

ಯೂನಿಕ್ಸ್ ಮತ್ತು ಅದರ ಮಾದರಿಯಲ್ಲಿ ಬೆಳೆದ ಲಿನಕ್ಸ್ ವ್ಯವಸ್ಥೆಗಳಲ್ಲಿ ಇದಕ್ಕೆ ಸ್ವಾರಸ್ಯವಾದ ಉತ್ತರವಿದೆ. 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆ ಹುಟ್ಟಿತು. ಅದು ತೆರೆಯ ಮೇಲೆ ಚಿತ್ರ ಬರೆಯುತ್ತದೆ. ಒತ್ತಿದ ಕೀಲಿಯ ಸುದ್ದಿಯನ್ನು ಸಲ್ಲತಕ್ಕ ಪ್ರೋಗ್ರಾಮಿಗೆ ಮುಟ್ಟಿಸುತ್ತದೆ. ಆದರೆ ಯಾವ ಕಿಟಕಿ ಎಲ್ಲಿರಬೇಕು, ಯಾವುದು ಮೇಲೆ, ಯಾವುದು ಕೆಳಗೆ ಎಂಬ ನಿರ್ಧಾರ ಅದರದಲ್ಲ. ಆ ಅಧಿಕಾರವನ್ನು ‘ವಿಂಡೋ ಮ್ಯಾನೇಜರ್’, ಅಂದರೆ ಕಿಟಕಿ ನಿರ್ವಾಹಕ ಎಂಬ ಬೇರೊಂದು ಪ್ರೋಗ್ರಾಮಿಗೆ ಬಿಟ್ಟಿದ್ದಾರೆ. ಒಂದು ತೆರೆಗೆ ಒಂದು ಕಾಲದಲ್ಲಿ ಒಬ್ಬನೇ ನಿರ್ವಾಹಕ ಎಂಬುದು ಕಟ್ಟಳೆ. ಕೆಲಸ ನಡೆದಿರುವಾಗಲೇ ಒಬ್ಬನನ್ನು ಇಳಿಸಿ ಮತ್ತೊಬ್ಬನನ್ನು ಕೂರಿಸಲು ಅಡ್ಡಿಯಿಲ್ಲ. ಎಕ್ಸ್ ಮೇಲೆ ನಡೆಯುತ್ತಿರುವ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ಓಪನ್‌ಬಾಕ್ಸ್ ಎಂಬ ನಿರ್ವಾಹಕನನ್ನು ‘ರಿಪ್ಲೇಸ್’ ಎಂಬ ಸೂಚನೆಯೊಡನೆ ಚಾಲನೆ ಮಾಡಿದರೆ, ಬರೆಯುತ್ತಿದ್ದ ಪತ್ರ ಹಾಗೆಯೇ ಉಳಿದು, ಕಿಟಕಿಯ ಅಂಚು, ತಲೆಪಟ್ಟಿಗಳು ಮಾತ್ರ ಬದಲಾಗುತ್ತವೆ. ವಿದ್ಯಾರ್ಥಿಗಳು ಮಾಡಿ ನೋಡತಕ್ಕ ಪ್ರಯೋಗವಿದು.

ನಿರ್ವಾಹಕರಲ್ಲಿ ಮುಖ್ಯವಾಗಿ ಎರಡು ಪಂಗಡ. ಮೊದಲನೆಯವರು ಕಿಟಕಿಗಳನ್ನು ಮೇಜಿನ ಮೇಲಣ ಕಾಗದಗಳಂತೆ ಒಂದರ ಮೇಲೊಂದು ಬೀಳಗೊಡುತ್ತಾರೆ. 1987ರ ಟಿಡಬ್ಲ್ಯುಎಂ, ಈಚಿನ ಓಪನ್‌ಬಾಕ್ಸ್ ಈ ಬಗೆಯವು. ಎರಡನೆಯವರ ಕ್ರಮವನ್ನು ತಿಳಿಯಲು ಗಂಗಾವತಿಯ ಭತ್ತದ ಗದ್ದೆಗಳನ್ನು ನೆನೆದರೆ ಸಾಕು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ನೆಲವನ್ನು ಬದು ಹಾಕಿ ಮಡಿಮಡಿಯಾಗಿ ಒಡೆದಿರುತ್ತಾರೆ. ಒಂದು ಮಡಿ ಇನ್ನೊಂದನ್ನು ಮುಚ್ಚದು, ನಡುವೆ ಬೀಳೂ ಉಳಿಯದು. 2006ರ ಡಿಡಬ್ಲ್ಯುಎಂ ದೊಡ್ಡ ಪಾಲನ್ನು ಮುಖ್ಯ ಕಿಟಕಿಗೆ ಕೊಟ್ಟು, ಉಳಿದವನ್ನು ಪಕ್ಕದಲ್ಲಿ ಒಂದರ ಕೆಳಗೊಂದು ಇಡುತ್ತದೆ. 2009ರ ಐ-3 ನಾವು ಹೇಳಿದಂತೆ ಪಾಲನ್ನೇ ಮತ್ತೆ ಪಾಲು ಮಾಡುತ್ತದೆ. ಸಣ್ಣ ತೆರೆಯ ಮೇಲೆ ನಾಲ್ಕನೆಯ ಕಿಟಕಿ ತೆರೆದಾಗ ಅಕ್ಷರ ಓದುವುದೇ ಪ್ರಯಾಸ; ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹೊಲದ ಪಾಡು! ಮೌಸ್ ಮುಟ್ಟದೆ ಕೀಲಿಗಳಿಂದಲೇ ಎಲ್ಲವನ್ನೂ ನಡೆಸಬಹುದೆಂಬುದು ಇವುಗಳ ಹೆಚ್ಚುಗಾರಿಕೆ. ಆದರೂ ಹೊಸದಾಗಿ ಕಲಿಯುವವರಿಗೆ ಮೊದಲ ಪಂಗಡವೇ ಲೇಸೆಂದು ನಮ್ಮ ಅಭಿಪ್ರಾಯ.

ಇನ್ನು ವೆಚ್ಚದ ಮಾತು. ಮೊದಲು, ಮೇಲಿನ ಕಿಟಕಿ ಸರಿದಾಗ ಎಕ್ಸ್ ಕೆಳಗಿನ ಪ್ರೋಗ್ರಾಮಿಗೆ, ತೆರವಾದ ಭಾಗವನ್ನು ಮತ್ತೆ ಬರೆಯೆಂದು ಹೇಳಿಕಳುಹಿಸುತ್ತಿತ್ತು. 2004ರ ಆವೃತ್ತಿಯಲ್ಲಿ ಪ್ರತಿ ಕಿಟಕಿಯ ಪೂರ್ಣ ಚಿತ್ರವನ್ನೂ ಸ್ಮೃತಿಕೋಶದಲ್ಲಿಟ್ಟು, ಎಲ್ಲವನ್ನೂ ಬೆಸೆದು ತೆರೆಗೆ ತರುವ ಏರ್ಪಾಡು ಸೇರಿತು. ನೆರಳು, ಪಾರದರ್ಶಕತೆಗಳ ಅಂದ ಬಂದದ್ದು ಇದರಿಂದ. ಬೆಲೆಯನ್ನು ಲೆಕ್ಕ ಹಾಕೋಣ. 1366 × 768 ಚುಕ್ಕೆಗಳ ತೆರೆಯಲ್ಲಿ 10,49,088 ಚುಕ್ಕೆಗಳು. ಚುಕ್ಕೆಗೆ 4 ಬೈಟುಗಳಂತೆ ಸುಮಾರು 42 ಲಕ್ಷ ಬೈಟುಗಳು. ತೆರೆ ತುಂಬುವ ಹತ್ತು ಕಿಟಕಿಗಳಿಗೆ 4.2 ಕೋಟಿ. 2 ಗಿಗಾಬೈಟ್ ಸ್ಮೃತಿಯಲ್ಲಿ ಇದು ಐವತ್ತರಲ್ಲಿ ಒಂದು ಪಾಲು ಮಾತ್ರ! ಹಾಗಾದರೆ ಯಂತ್ರ ಏದುಸಿರು ಬಿಡುವುದೇಕೆ? ಚಿತ್ರ ಬೆಸೆಯುವ ಕೆಲಸ ಪ್ರತಿ ಸೆಕೆಂಡಿಗೂ ಹಲವು ಸಲ ನಡೆಯಬೇಕು. ಅದಕ್ಕೆ ತಕ್ಕ ಗ್ರಾಫಿಕ್ಸ್ ಚಿಪ್ ಇಲ್ಲದಿದ್ದರೆ ಮುಖ್ಯ ಸಂಸ್ಕಾರಕವೇ ಆ ಹೊರೆಯನ್ನು ಹೊರಬೇಕು. ದೊಡ್ಡ ಡೆಸ್ಕ್‌ಟಾಪುಗಳೊಡನೆ ಬರುವ ಹಿನ್ನೆಲೆಯ ಪರಿವಾರವೂ ಕಡಿಮೆಯದಲ್ಲ. ಬೆಸುಗೆಯ ಗೊಡವೆಯಿಲ್ಲದ ಓಪನ್‌ಬಾಕ್ಸ್‌ನಂಥ ನಿರ್ವಾಹಕನನ್ನು ಒಂಟಿಯಾಗಿ ಇಟ್ಟುಕೊಂಡರೆ ಈ ಎರಡೂ ತಪ್ಪುತ್ತವೆ. ಆದರೆ ಬ್ರೌಸರಿನ ಹಸಿವು ನಿರ್ವಾಹಕನನ್ನು ಬದಲಿಸಿದ ಮಾತ್ರಕ್ಕೆ ಇಂಗದು. ಹಳೆಯ ಯಂತ್ರವು ಲೆಕ್ಕ, ಬರೆಹ, ಪ್ರೋಗ್ರಾಮ್ ರಚನೆಗೆ ಸಲೀಸಾಗಿ ಒದಗೀತು, ಹತ್ತಾರು ಜಾಲಪುಟಗಳಿಗಲ್ಲ.

2008ರಲ್ಲಿ ಆರಂಭವಾದ ವೇಲ್ಯಾಂಡ್ ಪದ್ಧತಿಯಲ್ಲಿ ಚಿತ್ರ ಬೆಸೆಯುವವನೂ ನಿರ್ವಾಹಕನೂ ಸಾಮಾನ್ಯವಾಗಿ ಒಬ್ಬನೇ. ಮೇಲೆ ಹೇಳಿದ ಪ್ರಯೋಗ ಅಲ್ಲಿ ನಡೆಯದು. ಅದನ್ನು ಮಾಡಬಯಸುವವರು ಲಾಗಿನ್ ಆಗುವಾಗಲೇ ಎಕ್ಸ್ ಅನ್ನು ಆರಿಸಿಕೊಳ್ಳತಕ್ಕದ್ದು.