ದನಿ ಕುಗ್ಗಿದ ವ್ಯಾನು

ಕುಮಟಾ ಪೇಟೆಯ ಅಂಚಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ತಗಡಿನ ಶೆಡ್ಡು. ಗೋಡೆಯ ಮೊಳೆಗಳಲ್ಲಿ ಬಣ್ಣಬಣ್ಣದ ವೈರಿನ ಸಿಂಬಿಗಳು, ಮೂಲೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿಗಳು, ಆಸಿಡ್ಡಿನ ಹುಳಿ ವಾಸನೆ. ಅಂಗಳದಲ್ಲಿ ರಿಕ್ಷಾ, ಟೆಂಪೊಗಳ ನಡುವೆ ಕಿತ್ತಳೆ ಮತ್ತು ಬಿಳಿ ಬಣ್ಣದ ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ನಿಂತಿದೆ. ಜರ್ಮನಿಯ ನಂಬರ್ ಪ್ಲೇಟು, ಎಡಗಡೆ ಸ್ಟೀರಿಂಗು, ಕಿಟಕಿಗೆ ಹೂವಿನ ಪರದೆ, ಒಳಗೆ ಪುಟ್ಟ ಒಲೆ, ಮಡಚುವ ಮಂಚ. 'ನಮ್ಮ ಮಟಡೋರಿನ ಅಜ್ಜ' ಎನ್ನುತ್ತ ಚಹಾದಂಗಡಿಯವರೂ ಬಂದು ಇಣುಕಿದರು.

ಗೋಕರ್ಣದ ಕಡಲತೀರದಲ್ಲಿ ತಂಗಿದ್ದ ದಂಪತಿ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೊರಟವರು. ಗಾಡಿಯಲ್ಲಿ ಎಲ್ಲ ಸರಿ, ಹಾರ್ನ್ ಒಂದನ್ನು ಬಿಟ್ಟು. ಒತ್ತಿದರೆ ನೆಗಡಿಯಾದವರ ಗಂಟಲಿನಂತೆ ಕೊರ್ ಅನ್ನುತ್ತದೆ, ಅಷ್ಟೆ. ಎಡಗಡೆ ಕೂತು ನಮ್ಮ ರಸ್ತೆಯಲ್ಲಿ ಓಡಿಸುವವರಿಗೆ ಮುಂದಿನ ಲಾರಿಯ ಆಚೆ ಏನೂ ಕಾಣುವುದಿಲ್ಲ. ಘಾಟಿಯ ತಿರುವಿನಲ್ಲಂತೂ ಎದುರಿನಿಂದ ಬರುವ ಬಸ್ಸಿಗೆ ಇವರಿದ್ದಾರೆಂದು ತಿಳಿಸುವುದೇ ಹಾರ್ನು. ಇದು ಪ್ರಾಣದ ಪ್ರಶ್ನೆ.

'ಪ್ರೆಶರ್ ಹಾರ್ನ್ ಹಾಕಿಬಿಡಿ ಮೇಸ್ತ್ರಿ' ಎಂದ ಟೆಂಪೊದವ. ಮೇಸ್ತ್ರಿ ತಲೆಯಾಡಿಸಿದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕರ್ಕಶ ಹಾರ್ನನ್ನೂ ಹಲವು ಸ್ವರದ ಹಾರ್ನನ್ನೂ ಒಪ್ಪುವುದಿಲ್ಲ. ಆದರೆ ಅವರು ಬೇಡವೆಂದದ್ದು ಬೇರೆ ಕಾರಣಕ್ಕೆ: 'ಮೊದಲು ಇದಕ್ಕೆ ಏನಾಗಿದೆ ನೋಡ್ವಾ.'

ಮುಂದಿನ ಬಂಪರಿನ ಹಿಂದೆ, ರಸ್ತೆಯ ಕೆಸರು ನೇರ ಸಿಡಿಯುವ ಜಾಗದಲ್ಲಿ ಹಾರ್ನ್ ಕೂತಿದೆ. ಮೇಸ್ತ್ರಿ ಗೋಣಿ ಹಾಸಿ ಅಡಿಗೆ ನುಗ್ಗಿದರು. ಎರಡು ಕ್ಲಿಪ್ ಕಿತ್ತು, ಬೇರೊಂದು ಬ್ಯಾಟರಿಯಿಂದ ಉದ್ದನೆಯ ಎರಡು ವೈರು ಎಳೆದು ಮುಟ್ಟಿಸಿದರು. ಬಾಂ! ಬೇಲಿಯ ಮೇಲಿನ ಕಾಗೆಗಳು ಹಾರಿದವು. ಜರ್ಮನ್ ಹೆಂಗಸು ಎರಡೂ ಕೈ ತಟ್ಟಿದರು.

'ಹಾರ್ನು ಸಮಾ ಅದೆ. ಕರೆಂಟು ದಾರೀಲೇ ಖಾಲಿಯಾಗ್ತದೆ.'

ಆ ದಾರಿ ಉದ್ದದ್ದು. ಈ ವ್ಯಾನಿನ ಎಂಜಿನ್ನು, ಬ್ಯಾಟರಿ ಎರಡೂ ಹಿಂದೆ, ಹಾರ್ನು ಮುಂದೆ. ಸುಮಾರು 4.5 ಮೀಟರಿನ ಗಾಡಿಯನ್ನು ಹಾದು ಬರುವ ಕರೆಂಟು ಫ್ಯೂಸ್ ದಾಟಿ ಹಾರ್ನಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕೂಡಿಕೊಳ್ಳುವುದು ಅರ್ಥ್. ಅದು ಸ್ಟೀರಿಂಗ್ ದಂಡದ ಮೂಲಕ ಇಳಿದು, ಬುಡದಲ್ಲಿರುವ ರಬ್ಬರ್ ಬಿಲ್ಲೆಯನ್ನು ಒಂದು ಪುಟ್ಟ ವೈರಿನ ಸೇತುವೆಯಲ್ಲಿ ದಾಟಿ ಬಾಡಿಗೆ ಸೇರಬೇಕು. ಜರ್ಮನಿಯಲ್ಲಿ ಈ ಮಾದರಿ ತಯಾರಾದದ್ದು 1967ರಿಂದ 1979ರವರೆಗೆ. ಅಷ್ಟು ವರ್ಷದ ತುಕ್ಕಿನ ಮೇಲೆ ಈಗ ಕಡಲಿನ ಉಪ್ಪುಗಾಳಿ.

ಮೀಟರ್ ಹಿಡಿದರು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು. ಗುಂಡಿ ಒತ್ತಿ ಹಿಡಿದಾಗ ಹಾರ್ನಿನ ಬಾಯಲ್ಲಿ ಎಂಟು. ಉಳಿದದ್ದು ಎಲ್ಲಿ ಹೋಯಿತೆಂದು ಅವರು ಒಂದೊಂದೇ ಜಾಯಿಂಟು ಹಿಡಿದು ಹುಡುಕಿದ ರೀತಿ ನೋಡಬೇಕಿತ್ತು. ಅವಸರವಿಲ್ಲ, ಊಹೆಯಿಲ್ಲ. ಎರಡೂ ತುದಿ ಚೂಪಾದ ಹಳೆಯ ಫ್ಯೂಸಿನ ಕೊನೆಗಳಲ್ಲಿ ಹಸಿರು ಕಿಲುಬು. ಬಿಲ್ಲೆಯ ಸೇತುವೆ ವೈರಿನಲ್ಲಿ ಉಳಿದದ್ದು ನಾಲ್ಕೈದು ಎಳೆ. ಗುಂಡಿಯ ಕೆಳಗಿನ ತಗಡು ಸುಟ್ಟು ಕಪ್ಪಾಗಿತ್ತು.

'ತಮಾ, ಎಮರಿ ಪೇಪರ್ ತಾ.' ಹುಡುಗ ತಂದ. ಉಜ್ಜಿದಲ್ಲೆಲ್ಲ ಹಿತ್ತಾಳೆ ಮತ್ತೆ ಹಳದಿಯಾಯಿತು. ಬಿಲ್ಲೆಗೆ ಹೊಸ ವೈರು ಬೆಸುಗೆಯಾಯಿತು. ಅಷ್ಟಕ್ಕೇ ಹಾರ್ನ್ ಬಹುಮಟ್ಟಿಗೆ ಸರಿಹೋಗಿತ್ತು. ಮೇಸ್ತ್ರಿಗೆ ಮಾತ್ರ ಸಮಾಧಾನವಾಗಲಿಲ್ಲ. ಹಾರ್ನು ಎಳೆಯುವ ಅಷ್ಟೂ ಕರೆಂಟು ಸಣ್ಣ ಗುಂಡಿಯ ಮೂಲಕವೇ ಹೋದರೆ ಅದು ಮತ್ತೆ ಸುಡುತ್ತದೆ. ಡಬ್ಬಿಯಿಂದ ನಾಲ್ಕು ಕಾಲಿನ ರಿಲೇ ತೆಗೆದರು. 85, 86 ನಂಬರಿನ ಕಾಲುಗಳಿಗೆ ಹಾರ್ನಿನ ಹಳೆಯ ಎರಡು ವೈರು; 30ಕ್ಕೆ ಬೇರೊಂದು ಫ್ಯೂಸ್ ಹಾಕಿ ನೇರ ಸಪ್ಲೈ; 87ರಿಂದ ಹಾರ್ನಿಗೆ. ಹಾರ್ನಿನ ಇನ್ನೊಂದು ಕಾಲಿಗೆ, ಬಣ್ಣ ಕೆರೆದ ಬೋಲ್ಟಿನಲ್ಲಿ ಗಟ್ಟಿ ಅರ್ಥ್. ಇನ್ನು ಗುಂಡಿಯ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೆ.

ಕೊನೆಗೆ ಹಾರ್ನಿನ ಬೆನ್ನಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಒಳಗೆ ಅಯಸ್ಕಾಂತ ಎಳೆದು ಬಿಡುವ ತಗಡಿನ ಲಯ ಆ ತಿರುಪಿನಲ್ಲಿದೆ. ಹೆಚ್ಚಾದರೆ ಸ್ವರ ನಿಂತೇಹೋಗುತ್ತದೆ. ಕಿವಿಗೊಟ್ಟು ತಿರುಗಿಸಿ, ಮೇಲೊಂದು ಹನಿ ಪೇಂಟು ಹಚ್ಚಿ ಭದ್ರ ಮಾಡಿದರು.

ಗಂಡಸು ಹೊಸ ಹಾರ್ನಿನ ಬೆಲೆಯನ್ನೇ ಕೈಯಲ್ಲಿ ಹಿಡಿದು ನಿಂತಿದ್ದರು. ಮೇಸ್ತ್ರಿ ರಿಲೇಯ ದುಡ್ಡು, ಅರ್ಧ ದಿನದ ಕೂಲಿ ತೆಗೆದುಕೊಂಡು ಉಳಿದ ನೋಟು ಹಿಂದಿರುಗಿಸಿದರು. ಇಂಥ ಕೈಗಳು ನಮ್ಮ ಹೆದ್ದಾರಿಗಳ ಆಸ್ತಿ ಎಂದು ನಾನು ನಂಬುತ್ತೇನೆ.

ನಿಮ್ಮ ಹಳೆಯ ಗಾಡಿಯ ಹಾರ್ನ್ ಕ್ಷೀಣಿಸಿದ್ದರೆ ಹೊಸದಕ್ಕೆ ದುಡ್ಡು ಕೊಡುವ ಮೊದಲು ಬ್ಯಾಟರಿಯಿಂದ ನೇರ ವೈರು ಕೊಡಿಸಿ ಕೇಳಿ. ಜೋರಾಗಿ ಕೂಗಿತೇ? ಹಾಗಿದ್ದರೆ ಹಾರ್ನ್ ಬದಲಿಸಬೇಡಿ, ಅರ್ಥ್ ನೋಡಿಸಿ.