ಎತ್ತಿದವನ ಹೊಣೆ

ಶ್ರವಣಬೆಳಗೊಳದ ಗೊಮ್ಮಟನಿಗೆ ತ್ಯಾಗಮೂರ್ತಿಯೆಂದು ಕೈಮುಗಿಯುವವರಲ್ಲಿ ಆತ ಜಟ್ಟಿಯೂ ಆಗಿದ್ದನೆಂದು ನೆನೆಯುವವರು ಕಡಿಮೆ. ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧಗಳಲ್ಲದೆ ಮಲ್ಲಯುದ್ಧವೂ ನಡೆಯಿತು. ಪಂಪನು 941ರಲ್ಲಿ ರಚಿಸಿದ 'ಆದಿಪುರಾಣ'ದಲ್ಲಿಯೂ ಈ ಕಥೆಯುಂಟು. ಬಾಹುಬಲಿ ಭರತನನ್ನು ಮೇಲಕ್ಕೆತ್ತಿದ. ಆದರೆ ನೆಲಕ್ಕೆ ಅಪ್ಪಳಿಸಲಿಲ್ಲ. ಇದರಲ್ಲಿ ವೈರಾಗ್ಯವಷ್ಟೇ ಅಲ್ಲ, ಕುಸ್ತಿಯ ಒಂದು ಮೂಲಪಾಠವೂ ಇದೆ. ಎತ್ತುವುದು ಬಲ, ಎತ್ತಿದವನನ್ನು ಹೇಗೆ ಇಳಿಸಬೇಕೆಂಬುದು ವಿದ್ಯೆ.

ನಿಂತ ಎದುರಾಳಿಯನ್ನು ಕೆಡವುವ ತತ್ವ ಮೈಸೂರಿನ ಗರಡಿಗೂ ಜಪಾನಿನ ಜುಜುತ್ಸುವಿಗೂ ಒಂದೇ. ಎರಡು ಕಾಲುಗಳ ಮೇಲೆ ನಿಂತವನು ಅಕ್ಕಪಕ್ಕಕ್ಕೆ ಗಟ್ಟಿ; ಹಿಂದಕ್ಕೋ ಮುಂದಕ್ಕೋ ಎಳೆದರೆ ಸಡಿಲ. ಆತ ತಳ್ಳಿದಾಗ ಎಳೆಯಬೇಕು, ಎಳೆದಾಗ ತಳ್ಳಬೇಕು. ಸಮತೋಲ ತಪ್ಪಿದ ಆ ಕ್ಷಣದಲ್ಲಿಯೇ ಪಟ್ಟು ಹಾಕಬೇಕು. ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ತೋಳು ಹಿಡಿದು ಬೆನ್ನಮೇಲಿಂದ ಎಸೆಯುವ 'ಧೋಬಿ ಪಚಾಡ್' ಇದಕ್ಕೆ ಉದಾಹರಣೆ.

ಪ್ರತಿಪಟ್ಟು ಹುಟ್ಟುವುದೂ ಅದೇ ಕ್ಷಣದಲ್ಲಿ. ಎಸೆಯಲು ತಿರುಗಿದವನು ತನ್ನ ಬೆನ್ನನ್ನು ತಾನೇ ಒಪ್ಪಿಸಿರುತ್ತಾನೆ. ಸೊಂಟ ತಗ್ಗಿಸಿ, ಭಾರವನ್ನು ಕೆಳಗಿಳಿಸಿ, ಹಿಂದಿನಿಂದ ಅವನ ನಡುವನ್ನು ತಬ್ಬಿದರೆ ಎಸೆಯಹೊರಟವನೇ ಬೀಳುತ್ತಾನೆ. ಕಾಲಿಗೆ ಕೈಹಾಕಲು ನುಗ್ಗಿದವನಿಗೆ ಉತ್ತರ ಬೇರೆ: ಎರಡೂ ಕಾಲುಗಳನ್ನು ಥಟ್ಟನೆ ಹಿಂದಕ್ಕೆ ಚಾಚಿ, ಎದೆಯ ಭಾರವನ್ನೆಲ್ಲ ಅವನ ಬೆನ್ನಮೇಲೆ ಹೇರುವುದು.

ಇವೆಲ್ಲವನ್ನೂ ಕಲಿಯುವುದು ಜೊತೆಗಾರನ ಮೈಮೇಲೆ. ತೊಡಕಿರುವುದೂ ಇಲ್ಲಿಯೇ. ಬೀಳುವವನು ಸಹಜವಾಗಿ ಕೈ ಊರುತ್ತಾನೆ. ಮಣಿಕಟ್ಟೋ ಹೆಗಲೆಲುಬೋ ಮುರಿಯುತ್ತದೆ. ತಲೆ ನೆಲಕ್ಕೆ ಬಡಿದರೆ ಪ್ರಾಣಕ್ಕೇ ಅಪಾಯ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದ ಕಾನೊ ಜಿಗೊರೊ, ಜುಜುತ್ಸುವಿನ ಅಪಾಯಕರ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟು ಜೂಡೊವನ್ನು ರೂಪಿಸಿದರು. ಅಲ್ಲಿ ಬೀಳುವುದೇ ಮೊದಲ ಪಾಠ: ಗದ್ದವನ್ನು ಎದೆಗೊತ್ತಿ, ತೋಳಿನಿಂದ ಚಾಪೆಯನ್ನು ಬಡಿದು ಪೆಟ್ಟನ್ನು ಹಂಚಿಕೊಳ್ಳಬೇಕು. ಎಸೆದವನು ಬೀಳುವವನ ತೋಳನ್ನು ಕೊನೆಯವರೆಗೂ ಬಿಡಬಾರದು. ಇಷ್ಟಾದರೂ 1983ರ ನಂತರದ ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳ ಜೂಡೊದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಅನೇಕರಿಗೆ ಮುಳುವಾದದ್ದು ತಲೆಯ ಪೆಟ್ಟು. ನಿಯಮವಿದ್ದರೆ ಸಾಲದು, ಪಾಲಿಸುವ ಗುರುವೂ ಬೇಕು.

ನಮ್ಮ ಗರಡಿಗಳು ಈ ಎಚ್ಚರವನ್ನು ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡಿವೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ಅಗೆದು ಸಡಿಲಗೊಳಿಸಿದ ಮಟ್ಟಿ ಬೀಳುವವನಿಗೆ ಹಾಸಿಗೆಯಿದ್ದಂತೆ. ಮೈಸೂರು ದಸರಾ ಕುಸ್ತಿಗೆ ಮುನ್ನ 'ಜೋಡಿ ಕಟ್ಟುವ' ಪದ್ಧತಿಯಿದೆ. ತೂಕ, ವಯಸ್ಸು, ಅನುಭವ ನೋಡಿ ಸರಿಸಮಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಇದು ಇಂದಿನ ಯೋಚನೆಯೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವಿಂಗಡಿಸಿದ್ದಾನೆ. ಮರಳಿನ ಭಾರ ಎತ್ತುವುದು, ನಡಿಗೆ, ಈಜು, ಕಂಬದ ಸಾಧನೆ ಇವೆಲ್ಲ ಅವರ ದಿನಚರಿಯಲ್ಲಿದ್ದವು.

ಈಗ ನಗರಗಳ ಬಡಾವಣೆಗಳಲ್ಲಿ ಜೂಡೊ, ಜುಜುತ್ಸು ತರಗತಿಗಳು ತಲೆಯೆತ್ತಿವೆ. ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಗೆದ್ದ ಪದಕಗಳನ್ನು ಎಣಿಸುವುದಕ್ಕಿಂತ ಒಂದು ಸಂಜೆ ಅಲ್ಲಿ ಕುಳಿತು ನೋಡುವುದು ಮೇಲು. ಹೊಸಬನಿಗೆ ಮೊದಲ ವಾರ ಎಸೆಯಲು ಹೇಳಿಕೊಡುತ್ತಾರೋ, ಬೀಳಲು ಹೇಳಿಕೊಡುತ್ತಾರೋ ಎಂಬುದು ಅಷ್ಟರಲ್ಲಿಯೇ ತಿಳಿಯುತ್ತದೆ.